ಇತಿಹಾಸ ಸಂಘ ಉದ್ಘಾಟನೆಯಾಯಿತು, ಆಮೇಲೇನು?

ಪ್ರಶ್ನೆ: ನಾನು ಹಾಸನದಲ್ಲಿ ಬಿ.ಎ. ಎರಡನೇ ವರ್ಷ, ಇತಿಹಾಸ ಮತ್ತು ಅರ್ಥಶಾಸ್ತ್ರ ಓದುತ್ತಿದ್ದೇನೆ. ಊರು ಬೇಲೂರು ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಕಾಲೇಜಿನಲ್ಲಿ ‘ಇತಿಹಾಸ ಸಂಘ’ ಅಂತ ಒಂದಿದೆ. ವರ್ಷಕ್ಕೆ ಒಂದು ಉದ್ಘಾಟನೆ, ಒಂದು ಉಪನ್ಯಾಸ, ಒಂದು ಸಮಾರೋಪ, ಅಷ್ಟಕ್ಕೇ ಮುಗಿಯುತ್ತದೆ. ಈ ಸಲ ನನ್ನನ್ನು ಕಾರ್ಯದರ್ಶಿ ಮಾಡಿದ್ದಾರೆ. ಏನಾದರೂ ನಿಜವಾದ ಕೆಲಸ ಮಾಡೋಣ ಅಂದರೆ ದುಡ್ಡಿಲ್ಲ ಅನ್ನುತ್ತಾರೆ. ಸಂಘ ರಿಜಿಸ್ಟರ್ ಮಾಡಿಸಿದರೆ ಅನುದಾನ ಬರುತ್ತದೆ ಅಂತ ಒಬ್ಬರು, ದೊಡ್ಡ ಸಂಸ್ಥೆಗಳ ಸದಸ್ಯತ್ವ ಮಾಡಿಸಿದರೆ ಸರ್ಟಿಫಿಕೇಟು ಮುಂದೆ ಕೆಲಸಕ್ಕೆ ಬರುತ್ತದೆ ಅಂತ ಇನ್ನೊಬ್ಬರು ಹೇಳುತ್ತಾರೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಒಳ್ಳೆಯ ಪುಸ್ತಕವೆಲ್ಲ ಇಂಗ್ಲಿಷಿನಲ್ಲೇ ಇವೆಯಂತೆ. ಅಣ್ಣನದು ಒಂದೇ ರಾಗ, ‘ಇತಿಹಾಸ ಓದಿ ಏನು ಮಾಡ್ತೀಯ?’ ನಮ್ಮೂರ ಕೆರೆ ಏರಿ ಪಕ್ಕ ಅಕ್ಷರ ಇರುವ ಒಂದು ವೀರಗಲ್ಲಿದೆ. ಕೆಳಗೆ ನಿಧಿ ಇದೆ ಅಂತ ಹೋದ ವರ್ಷ ಯಾರೋ ರಾತ್ರಿ ಅಗೆದಿದ್ದರು. ಅದಕ್ಕೆ ಸಂಘದಿಂದ ಏನಾದರೂ ಮಾಡಬಹುದೇ? ಎಲ್ಲಿಂದ ಶುರು ಮಾಡಲಿ?
— ಓದುಗರೊಬ್ಬರು, ಹಾಸನ

ಉತ್ತರ: ಕಾರ್ಯದರ್ಶಿ ಪಟ್ಟ ಸಿಕ್ಕಿದ್ದಕ್ಕೆ ಅಭಿನಂದನೆ ಹೇಳಲೋ, ಸಮಾಧಾನ ಹೇಳಲೋ ಗೊತ್ತಾಗುತ್ತಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಹಾಸನ, ಚಿಕ್ಕಮಗಳೂರು ಕಡೆಯ ಕಾಲೇಜುಗಳಲ್ಲಿ ಇತಿಹಾಸ ಪಾಠ ಮಾಡಿದವನು ನಾನು. ಅಷ್ಟೂ ಕಾಲ ಒಂದಲ್ಲ ಒಂದು ಇತಿಹಾಸ ಸಂಘದ ಸಂಚಾಲಕನಾಗಿದ್ದೆ. ನೀವು ಬರೆದ ಉದ್ಘಾಟನೆ, ಉಪನ್ಯಾಸ, ಸಮಾರೋಪದ ಪಾಪದಲ್ಲಿ ನನ್ನ ಪಾಲೂ ಇದೆ. ಹಾರ, ಫ್ಲೆಕ್ಸು, ಸ್ಮರಣಿಕೆ, ಉಪ್ಪಿಟ್ಟು, ಕೇಸರಿಬಾತು. ವಂದನಾರ್ಪಣೆ ಮುಗಿಯುವ ಹೊತ್ತಿಗೆ ಸಂಘದ ವರ್ಷದ ದುಡ್ಡೂ ಮುಗಿದಿರುತ್ತಿತ್ತು.

ಪತ್ರದಲ್ಲಿ ಐದಾರು ಪ್ರಶ್ನೆ ಕೇಳಿದ್ದೀರಿ. ಎಲ್ಲದರ ಬೇರೂ ಒಂದೇ ಕಡೆ ಇದೆ ಅಂತ ನನಗನ್ನಿಸುತ್ತದೆ. ಇತಿಹಾಸ ಎಲ್ಲೋ ದೂರದಲ್ಲಿದೆ, ಇಂಗ್ಲಿಷಿನಲ್ಲಿದೆ, ದುಡ್ಡಿರುವ ಸಂಸ್ಥೆಗಳ ಕೈಯಲ್ಲಿದೆ, ನಾವು ಅರ್ಜಿ ಹಾಕಿ ಅಲ್ಲಿಗೆ ಹೋಗಿ ಸೇರಬೇಕು ಅನ್ನುವ ಭಾವನೆ ನಿಮ್ಮದು. ಬೇಲೂರು ತಾಲ್ಲೂಕಿನವರೊಬ್ಬರು ಹೀಗೆ ಅಂದುಕೊಂಡರೆ ನಗುವೂ ಬರುತ್ತದೆ, ಬೇಜಾರೂ ಆಗುತ್ತದೆ.

ಇಂಗ್ಲಿಷಿನ ವಿಷಯ ಮೊದಲು ಮುಗಿಸೋಣ. ಹೊಯ್ಸಳರ ಬಗ್ಗೆ ಬಂದ ಇಂಗ್ಲಿಷ್ ಪುಸ್ತಕಗಳೆಲ್ಲ ಯಾವುದರ ಮೇಲೆ ನಿಂತಿವೆ? ಹೆಚ್ಚಿನಂಶ ಕನ್ನಡ ಶಾಸನಗಳ ಮೇಲೆ. ಅವನ್ನು ಊರೂರು ತಿರುಗಿ ಸೇರಿಸಿದ್ದು ಮೈಸೂರು ಪುರಾತತ್ವ ಇಲಾಖೆಯ ಬಿ.ಎಲ್. ರೈಸ್ ಮತ್ತು ಅವರ ಜೊತೆಗಿದ್ದ ಕನ್ನಡ, ಸಂಸ್ಕೃತ ಪಂಡಿತರು. ‘ಎಪಿಗ್ರಾಫಿಯಾ ಕರ್ನಾಟಿಕಾ’ ಹೆಸರಿನ ಆ ಮಾಲೆಯಲ್ಲಿ ಹಾಸನ ಜಿಲ್ಲೆಯದು 5ನೇ ಸಂಪುಟ, 1902ರಲ್ಲಿ ಬಂತು. ಚಿಕ್ಕಮಗಳೂರಿನದು 6ನೆಯದು, 1901ರದು. ಪುಸ್ತಕದ ಹೆಸರು ಇಂಗ್ಲಿಷ್ ಆದರೂ ಒಳಗೆ ಶಾಸನದ ಪಾಠ ಕನ್ನಡ ಲಿಪಿಯಲ್ಲೇ ಅಚ್ಚಾಗಿದೆ. ಇಂಗ್ಲಿಷ್ ಮಾತ್ರ ಬಲ್ಲ ವಿದ್ವಾಂಸರು ಅನುವಾದ ನೋಡಿ ಕೈತೊಳೆದುಕೊಳ್ಳಬೇಕು. ನೀವು ಮೂಲವನ್ನೇ ಓದಬಹುದು. ಹಳಗನ್ನಡ ಕಷ್ಟ, ಒಪ್ಪುತ್ತೇನೆ. ಅದಕ್ಕೇ ಸಂಘಕ್ಕೆ ನೀವು ಮೊದಲು ಕರೆಯಬೇಕಾದವರು ಐಚ್ಛಿಕ ಕನ್ನಡದ ಹುಡುಗ ಹುಡುಗಿಯರು. ಇತಿಹಾಸದವರು ಮಾತ್ರ ಸೇರಿ ಮಾಡಿದ ಇತಿಹಾಸ ಸಂಘ ನಮ್ಮ ಕಡೆ ಬಾಳಿದ್ದು ನಾನು ನೋಡಿಲ್ಲ. ಕನ್ನಡದವರಿಗೆ ಛಂದಸ್ಸು ಗೊತ್ತು, ನಿಮಗೆ ಶಕವರ್ಷ ಗೊತ್ತು. ಇಬ್ಬರೂ ಸೇರಿದರೆ ಒಂದು ಕಲ್ಲು ಓದಬಹುದು. ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಒಮ್ಮೆ ಅವರನ್ನು ಕರೆದುಕೊಂಡು ಹೋಗಿ. 1196ರ ಆ ಅಮೃತೇಶ್ವರ ದೇವಸ್ಥಾನದ ಮುಂದಿರುವ ಶಾಸನದಲ್ಲಿ ಕವಿ ಜನ್ನನ ಪದ್ಯಗಳಿವೆ ಅಂದರೆ ಅವರೇ ಮುಂದೆ ನಡೆಯುತ್ತಾರೆ.

ರೈಸ್ ಸಂಪುಟ ಬಳಸುವವರಿಗೆ ಒಂದೆರಡು ಕಿವಿಮಾತು. ಮೊದಲ ಸಲ ತೆರೆದವರು ಇಲ್ಲೇ ಎಡವುತ್ತಾರೆ. ಆಗ ಚಿಕ್ಕಮಗಳೂರು ಜಿಲ್ಲೆಯ ಹೆಸರು ಕಡೂರು ಜಿಲ್ಲೆ. ಸಕಲೇಶಪುರ ಅಂತ ಹುಡುಕಿದರೆ ಸಿಗುವುದಿಲ್ಲ, ಮಂಜರಾಬಾದು ಅಂತ ನೋಡಬೇಕು. ಹಳೇಬೀಡಿನ ಶಾಸನಗಳು ಬೇಲೂರು ತಾಲ್ಲೂಕಿನ ಅಡಿಯಲ್ಲಿವೆ. ಶ್ರವಣಬೆಳಗೊಳದ್ದು 5ರಲ್ಲಿಲ್ಲ, ಅದಕ್ಕೇ ಮೀಸಲಾದ 2ನೇ ಸಂಪುಟದಲ್ಲಿದೆ. ಪ್ರತಿ ತಾಲ್ಲೂಕಿನ ಶಾಸನಗಳಿಗೂ ಬೇರೆ ಬೇರೆ ಕ್ರಮಸಂಖ್ಯೆ ಇರುತ್ತದೆ. ಪುಸ್ತಕಗಳ ಅಡಿಟಿಪ್ಪಣಿಯಲ್ಲಿ ‘ಬೇಲೂರು 58’ ಅಂತ ಕಂಡರೆ ಅದು ಈ ಸಂಖ್ಯೆಯೇ. ಇಷ್ಟು ತಿಳಿದರೆ ಅರ್ಧ ಬಾಗಿಲು ತೆರೆದ ಹಾಗೆ. ಈ ಸಂಪುಟಗಳ ಹಳೆಯ ಪ್ರತಿ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಫೋನಿಗೇ ಇಳಿಸಿಕೊಳ್ಳಬಹುದು. ಆದರೆ ರೈಸ್ ಓದಿನಲ್ಲಿ ತಪ್ಪುಗಳಿವೆ. ಮೈಸೂರು ವಿಶ್ವವಿದ್ಯಾನಿಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಆಮೇಲೆ ಪರಿಷ್ಕೃತ ಸಂಪುಟಗಳನ್ನು ತಂದಿದೆ, ಅದರಲ್ಲಿ ಸಂಖ್ಯೆಗಳೂ ಬದಲಾಗಿವೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ.

‘ಎಲ್ಲಾ ರೈಸ್ ಮಾಡಿಟ್ಟಿದ್ದಾರೆ, ನಮಗೇನು ಉಳಿದಿದೆ’ ಅನ್ನುವ ಮಾತೂ ಕೇಳಿರುತ್ತೀರಿ. ಹಲ್ಮಿಡಿ ನಿಮ್ಮ ತಾಲ್ಲೂಕಿನದೇ ಊರು. ಹಾಸನದ ಸಂಪುಟ 1902ರಲ್ಲಿ ಅಚ್ಚಾದಾಗ ಹಲ್ಮಿಡಿ ಶಾಸನ ಅದರಲ್ಲಿ ಇರಲೇ ಇಲ್ಲ. ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದದ್ದು 1936ರಲ್ಲಿ. ಕನ್ನಡದ ಅತ್ಯಂತ ಹಳೆಯ ಶಾಸನಗಳ ಮಾತು ಬಂದಾಗಲೆಲ್ಲ ಮೊದಲು ಬಾಯಿಗೆ ಬರುವ ಹೆಸರು, ಸರ್ವೇ ಮಾಡಿದವರ ಕಣ್ಣು ತಪ್ಪಿಸಿಕೊಂಡು ಊರಿನಲ್ಲೇ ಕೂತಿತ್ತು. ಸಂಘದ ಮೊದಲ ಓದಿಗೆ ಇದನ್ನೇ ತೆಗೆದುಕೊಳ್ಳಿ. ಬರೀ 16 ಸಾಲು. ಸುಮಾರು ಕ್ರಿ.ಶ. 450 ಅಂತ ಸಾಮಾನ್ಯವಾಗಿ ಹೇಳುತ್ತಾರೆ, ಆದರೆ ಕಲ್ಲಿನ ಮೇಲೆ ಇಸವಿ ಇಲ್ಲ. ಹಾಗಿದ್ದರೆ 450 ಎಲ್ಲಿಂದ ಬಂತು? ಲಿಪಿಯಿಂದಲೇ, ಅದರಲ್ಲಿ ಬರುವ ಅರಸರ ಹೆಸರಿನಿಂದಲೇ? ಈ ಒಂದು ಪ್ರಶ್ನೆಯ ಮೇಲೆ ಮೂರು ಸಭೆ ನಡೆಸಬಹುದು. ಶಾಸನದಲ್ಲಿ ಊರಿನ ಹೆಸರು ‘ಪಲ್ಮಿಡಿ’. ‘ಪ’ಕಾರ ‘ಹ’ಕಾರವಾದದ್ದನ್ನು ಕನ್ನಡ ಮೇಷ್ಟ್ರು ಕರಿಹಲಗೆಯ ಮೇಲೆ ಬರೆದು ತೋರಿಸುತ್ತಾರೆ. ನೀವೋ ದಿನಾ ಆ ಕಡೆಯ ಬಸ್ಸಿನಲ್ಲೇ ಓಡಾಡುತ್ತೀರಿ.

ಸಭೆ ಅಂದೆ. ಅದರ ರೂಪ ಹೇಳಿಬಿಡುತ್ತೇನೆ, ಏಕೆಂದರೆ ಸಂಘ ಬದುಕುವುದೋ ಸಾಯುವುದೋ ಇಲ್ಲೇ ತೀರ್ಮಾನವಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ. ವೇದಿಕೆ, ಮೈಕು, ಮುಖ್ಯ ಅತಿಥಿ ಯಾವುದೂ ಬೇಡ. ಒಂದು ಶಾಸನದ ಜೆರಾಕ್ಸು ಎಲ್ಲರ ಕೈಯಲ್ಲಿ. ಒಬ್ಬರು ಜೋರಾಗಿ ಓದಬೇಕು, ಎಡವಿದ ಕಡೆ ಎಲ್ಲರೂ ನಿಲ್ಲಬೇಕು. ಯಾರ ಕಾಲ, ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಏನು ಕೊಟ್ಟರು, ಇಷ್ಟು ಸಿಕ್ಕಿದರೆ ಆ ದಿನದ ಮಟ್ಟಿಗೆ ಸಾಕು. ಶಕವರ್ಷಕ್ಕೆ 78 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಬರುತ್ತದೆ: ಬೇಲೂರು ಚೆನ್ನಕೇಶವನ ಪ್ರತಿಷ್ಠೆ ಶಕ 1039, ಅಂದರೆ 1117. ಆಮೇಲೆ ಗದ್ಯಾಣ ಅನ್ನುವ ಚಿನ್ನದ ನಾಣ್ಯ, ಖಂಡುಗ, ಸಲಗೆ, ಕಂಬ ಅನ್ನುವ ಅಳತೆಗಳ ಲೆಕ್ಕ ಬರುತ್ತದೆ. ಅಲ್ಲಿಗೆ ನಿಮ್ಮ ಅರ್ಥಶಾಸ್ತ್ರದ ಗೆಳತಿಯರಿಗೂ ರುಚಿ ಹತ್ತುತ್ತದೆ. ‘ಸ್ವದತ್ತಾಂ ಪರದತ್ತಾಂ ವಾ’ ಅಂತ, ದಾನ ಕಿತ್ತುಕೊಂಡವನಿಗೆ ಹಾಕುವ ಶಾಪದ ಶ್ಲೋಕ ಬಂತೆಂದರೆ ಶಾಸನ ಮುಗಿಯುತ್ತಾ ಬಂತು ಅಂತ ಲೆಕ್ಕ.

ಒಂದು ಸಭೆಯನ್ನು ಸಳನಿಗೂ ಮೀಸಲಿಡಿ. ಹುಲಿಯನ್ನು ಕೊಂದ ಸಳನ ಕಥೆ ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. ಅಂಗಡಿ, ಅಂದರೆ ಶಾಸನಗಳ ಸೊಸೆವೂರು, ಮೂಡಿಗೆರೆ ತಾಲ್ಲೂಕಿನಲ್ಲಿದೆ. ಅಲ್ಲಿಗೆ ಹೋದವರೆಲ್ಲ ‘ಇಲ್ಲೇ ಹುಲಿ ಹೊಡೆದದ್ದು’ ಅಂತ ಫೋಟೋ ತೆಗೆಸಿಕೊಂಡು ಬರುತ್ತಾರೆ. ಆದರೆ ಸಳನ ಕಥೆ ಹೇಳುವ 1117ರ ಬೇಲೂರು ಶಾಸನ ಬರುವ ಹೊತ್ತಿಗೆ ಹೊಯ್ಸಳ ವಂಶ ಆಗಲೇ ತಲೆಮಾರುಗಳನ್ನು ಕಂಡಾಗಿತ್ತು. ಒಂದು ರಾಜವಂಶ ತನ್ನ ಹುಟ್ಟಿನ ಕಥೆಯನ್ನು ಯಾವಾಗ, ಯಾತಕ್ಕೆ ಕಲ್ಲಿನ ಮೇಲೆ ಬರೆಸುತ್ತದೆ ಅಂತ ಕೇಳಿ ನೋಡಿ. ಕಥೆ ಸುಳ್ಳು ಅಂತ ಕೂಗಾಡುವುದೂ ಬೇಡ, ನಿಜ ಅಂತ ಹಟ ಹಿಡಿಯುವುದೂ ಬೇಡ. ವಾಟ್ಸಾಪಿನಲ್ಲಿ ಬರುವ ಇತಿಹಾಸವನ್ನು ಹೇಗೆ ಓದಬೇಕು ಅನ್ನುವ ಪಾಠ ಇದರಲ್ಲೇ ಆಗಿಹೋಗುತ್ತದೆ.

ದುಡ್ಡಿನ ಚಿಂತೆಗೆ ಬರುತ್ತೇನೆ. ಮೇಲೆ ಹೇಳಿದ್ದಕ್ಕೆಲ್ಲ ಜೆರಾಕ್ಸ್ ಕಾಸು ಸಾಕು. ಹೊರಗೆ ಹೋಗುವುದಾದರೆ ಬೇಲೂರು ಹಾಸನದಿಂದ 40 ಕಿ.ಮೀ. ಆಸುಪಾಸು. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟೂ ಇಲ್ಲ. ಹುಡುಗರು ಮಾತ್ರ ಜೇಬು ನೋಡಿಕೊಳ್ಳಬೇಕು. ರಿಜಿಸ್ಟರ್ ಮಾಡಿಸಿದರೆ ಅನುದಾನ ತಾನಾಗಿ ಬರುತ್ತದೆ ಅನ್ನುವುದು ಬರೀ ಭ್ರಮೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು. ಕನಿಷ್ಠ ಏಳು ಜನ ವಯಸ್ಕರು ಬೇಕು, ಬೈಲಾ ಬೇಕು, ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಗೆ ಪ್ರತಿವರ್ಷ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸುತ್ತಿರಬೇಕು. ನೀವು ಎರಡು ವರ್ಷದಲ್ಲಿ ಪದವಿ ಮುಗಿಸಿ ಹೊರಡುತ್ತೀರಿ. ಆಮೇಲೆ ಆ ಲೆಕ್ಕ ಒಪ್ಪಿಸುವವರು ಯಾರು? ನಾನಿದ್ದ ಒಂದು ಕಡೆ ಹುಡುಗರು ಉತ್ಸಾಹದಿಂದ ನೋಂದಣಿ ಮಾಡಿಸಿದರು, ಲೆಟರ್‌ಹೆಡ್ಡೂ ಆಯಿತು, ಮೊಹರೂ ಆಯಿತು. ಮೂರನೇ ವರ್ಷ ಅಧ್ಯಕ್ಷ ದುಬೈನಲ್ಲಿ, ಖಜಾಂಚಿ ಬೆಂಗಳೂರಿನಲ್ಲಿ. ಬ್ಯಾಂಕ್ ಖಾತೆ ಮುಚ್ಚಿಸಲು ಇಬ್ಬರ ಸಹಿ ತರುವುದೇ ದೊಡ್ಡ ಸಂಶೋಧನೆಯಾಯಿತು. ಊರಿನ ಹಿರಿಯರು, ನಿವೃತ್ತರು, ಹಳೆಯ ವಿದ್ಯಾರ್ಥಿಗಳು ಸೇರಿ ತಾಲ್ಲೂಕು ಮಟ್ಟದಲ್ಲಿ ಮಾಡುವುದಾದರೆ ನೋಂದಣಿಗೆ ಅರ್ಥವಿದೆ. ಕಾಲೇಜು ಸಂಘಕ್ಕೆ ಪ್ರಿನ್ಸಿಪಾಲರ ಒಪ್ಪಿಗೆಯೇ ನೋಂದಣಿ. ಅವರ ಸಹಿ ಇರುವ ಒಂದು ಪತ್ರ ಯಾವಾಗಲೂ ಬ್ಯಾಗಿನಲ್ಲಿರಲಿ. ದೇವಸ್ಥಾನದ ಕಮಿಟಿ, ಗ್ರಾಮ ಪಂಚಾಯಿತಿ, ಕಾಫಿ ತೋಟದ ರೈಟರು, ಯಾರು ಕೇಳಿದರೂ ತೋರಿಸಲು ಅದು ಬೇಕು.

ನಿಜವಾಗಿ ಸಂಘ ಸಾಯುವುದು ದುಡ್ಡಿಲ್ಲದೆ ಅಲ್ಲ, ದಫ್ತರ ಇಲ್ಲದೆ. ಸರ್ಕಾರಿ ಕಾಲೇಜುಗಳಲ್ಲಿ ಅರ್ಧ ಪಾಠ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಈ ವರ್ಷ ಇದ್ದವರು ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಕಾಯಂ ಮೇಷ್ಟ್ರಿಗೆ ವರ್ಗವಾಗುತ್ತದೆ. ಸಂಘ ಅವರ ಬೀರುವಿನಲ್ಲಿದ್ದರೆ ಅವರ ಜೊತೆಗೇ ಹೋಗುತ್ತದೆ. ಒಂದು ದಪ್ಪ ರಟ್ಟಿನ ಪುಸ್ತಕ ತೆಗೆದುಕೊಳ್ಳಿ. ಪ್ರತಿ ಸಭೆಯಲ್ಲಿ ಓದಿದ ಶಾಸನ, ನೋಡಿದ ಕಲ್ಲು, ಯಾವ ಊರು, ಎಲ್ಲಿ ನಿಂತಿದೆ, ಎತ್ತರ ಎಷ್ಟು, ಅಗಲ ಎಷ್ಟು, ಎಷ್ಟು ಸಾಲು, ಎಷ್ಟು ಸವೆದಿದೆ, ಎಲ್ಲ ಬರೆಯಿರಿ. ಪುಸ್ತಕ ಲೈಬ್ರರಿಯಲ್ಲಿರಲಿ, ಗ್ರಂಥಪಾಲಕರ ಸುಪರ್ದಿನಲ್ಲಿ. ಮೊದಲ ವರ್ಷದವರಿಬ್ಬರನ್ನು ಜೊತೆ ಕಾರ್ಯದರ್ಶಿಗಳಾಗಿ ಈಗಲೇ ಹಾಕಿಕೊಳ್ಳಿ.

ದೊಡ್ಡ ಸಂಸ್ಥೆಗಳ ಬಗ್ಗೆ ಕೇಳಿದಿರಿ. 1935ರಲ್ಲಿ ಪುಣೆಯಲ್ಲಿ ಶುರುವಾದ ಇಂಡಿಯನ್ ಹಿಸ್ಟರಿ ಕಾಂಗ್ರೆಸ್ ಇದೆ, ದಕ್ಷಿಣ ಭಾರತ ಇತಿಹಾಸ ಕಾಂಗ್ರೆಸ್ ಇದೆ. ಅವು ಸಂಶೋಧಕರ, ಅಧ್ಯಾಪಕರ ಸಭೆಗಳು. ಎರಡನೇ ಬಿ.ಎ.ಯಲ್ಲಿ ಅಲ್ಲಿ ಚಂದಾ ಕಟ್ಟುವ ಅಗತ್ಯ ಕಾಣುವುದಿಲ್ಲ. ಕರ್ನಾಟಕ ಇತಿಹಾಸ ಅಕಾಡೆಮಿ ಹತ್ತಿರದ್ದು. ಅದರ ವಾರ್ಷಿಕ ಸಮ್ಮೇಳನದಲ್ಲಿ ಊರಿನ ಶಾಸನ, ಕೆರೆ, ಕೋಟೆ ಬಗ್ಗೆ ಕನ್ನಡದಲ್ಲೇ ಪ್ರಬಂಧ ಓದುತ್ತಾರೆ, ‘ಇತಿಹಾಸ ದರ್ಶನ’ ಸಂಪುಟಗಳಲ್ಲಿ ಅವು ಅಚ್ಚಾಗುತ್ತವೆ. ಒಮ್ಮೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಕೇಳಿಸಿಕೊಂಡು ಬನ್ನಿ. ಯಾವುದು ಒಳ್ಳೆಯ ಪ್ರಬಂಧ, ಯಾವುದು ಗೂಗಲ್ ನೋಡಿ ಬರೆದದ್ದು ಅಂತ ಅರ್ಧ ದಿನದಲ್ಲಿ ತಿಳಿಯುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 1909ರದು. ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ಅಲ್ಲಿ ನಡೆದಿದೆ, ಸವೆದ ಅಕ್ಷರ ಹೇಗೆ ಮತ್ತೆ ಕಾಣುತ್ತದೆ ಅಂತ ನೋಡಬೇಕೆಂದರೆ ಅದನ್ನು ನೋಡಿ. ಶಾಸನ ಓದುವುದನ್ನು ಕ್ರಮವಾಗಿ ಕಲಿಯಬೇಕು ಅನ್ನಿಸಿದರೆ ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ತರಗತಿ ನಡೆಸುತ್ತ ಬಂದಿದೆ.

ಸರ್ಟಿಫಿಕೇಟು, ನೋಡಿ ತಾಯಿ, ಅದಕ್ಕೆ ಇರುವ ಬೆಲೆ ಫ್ರೇಮಿನ ಬೆಲೆಯಷ್ಟೇ. ಯಾವ ನೇಮಕಾತಿ ಪರೀಕ್ಷೆಯಲ್ಲೂ ಸಂಘದ ಸದಸ್ಯತ್ವಕ್ಕೆ ಅಂಕ ಕೊಟ್ಟದ್ದು ನಾನು ನೋಡಿಲ್ಲ. ‘ಇಷ್ಟು ಶುಲ್ಕ ಕಟ್ಟಿ, ಪ್ರಬಂಧ ಮಂಡಿಸದಿದ್ದರೂ ಸರ್ಟಿಫಿಕೇಟ್ ಕೊಡುತ್ತೇವೆ, ಐಎಸ್‌ಬಿಎನ್ ಇರುವ ಪುಸ್ತಕದಲ್ಲಿ ಹಾಕುತ್ತೇವೆ’ ಅಂತ ಮೆಸೇಜು ಬಂದರೆ ಡಿಲೀಟ್ ಮಾಡಿ. ಐಎಸ್‌ಬಿಎನ್ ಅನ್ನುವುದು ಪುಸ್ತಕಕ್ಕೊಂದು ಸಂಖ್ಯೆ ಮಾತ್ರ, ಗುಣದ ಮುದ್ರೆಯೇನಲ್ಲ.

ಅದರ ಬದಲು ವರ್ಷಕ್ಕೊಮ್ಮೆ ಮೈಸೂರಿಗೆ ಹೋಗಿ ಬನ್ನಿ. ಅರಮನೆ, ಮೃಗಾಲಯ ಈ ಸಲ ಬಿಡಿ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಮುಖ್ಯ ಕಚೇರಿ 1966ರಿಂದ ಮೈಸೂರಿನಲ್ಲಿದೆ. ದೇಶದ ನಾನಾ ಕಡೆಯ ಶಾಸನಗಳ ಪಡಿಯಚ್ಚುಗಳು, ಅಂದರೆ ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಪ್ರತಿಗಳು, ಸೇರುವ ಜಾಗ ನಮ್ಮಿಂದ ಮೂರು ಗಂಟೆ ದಾರಿಯಲ್ಲಿದೆ, ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ. ಕಾಲೇಜಿನಿಂದ ಮುಂಚೆಯೇ ಪತ್ರ ಬರೆದು ದಿನ ಗೊತ್ತು ಮಾಡಿಕೊಂಡು ಹೋಗಬೇಕು. ಅಲ್ಲೇ 1891ರಲ್ಲಿ ಶುರುವಾದ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾದದ್ದು ಅಲ್ಲಿಂದಲೇ. ರಾಜ್ಯ ಪತ್ರಾಗಾರ ಇಲಾಖೆಯ ವಿಭಾಗೀಯ ಕಚೇರಿಯೂ ಮೈಸೂರಿನಲ್ಲಿದೆ, ಮೈಸೂರು ಸಂಸ್ಥಾನದ ಕಡತಗಳನ್ನು ನೋಡುವ ಅಭ್ಯಾಸ ಅಲ್ಲಿ ಆಗುತ್ತದೆ. ಮನೆಯಲ್ಲೇ ಕೂತು ಓದುವುದಾದರೆ ಶೋಧಗಂಗಾದಲ್ಲಿ ನಮ್ಮ ಜಿಲ್ಲೆಗಳ ಬಗ್ಗೆ ಬರೆದ ಪಿಎಚ್.ಡಿ. ಪ್ರಬಂಧಗಳಿವೆ, ಕನ್ನಡದವೂ ಇವೆ. ಕಣಜ ಜಾಲತಾಣ, ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ನೋಡಿ. ನಿಮ್ಮ ಕಾಲೇಜು, ಇ-ಪುಸ್ತಕ, ಇ-ಪತ್ರಿಕೆ ಓದಲು ಕೊಡುವ ಎನ್-ಲಿಸ್ಟ್ ಯೋಜನೆಯಲ್ಲಿ ಇದ್ದರೆ ಗ್ರಂಥಪಾಲಕರನ್ನು ಕೇಳಿ ಪಾಸ್‌ವರ್ಡ್ ತೆಗೆದುಕೊಳ್ಳಿ. ಅದನ್ನು ಯಾರೂ ಕೇಳುವುದಿಲ್ಲ ಅಂತ ಗ್ರಂಥಪಾಲಕರೇ ಗೊಣಗುತ್ತಿರುತ್ತಾರೆ.

ಕಲ್ಲು, ಕಲ್ಲು ಅಂತ ಇಷ್ಟೊತ್ತು ಹೇಳಿದೆ. ಎಲ್ಲರಿಗೂ ಕಲ್ಲು ಒಗ್ಗುವುದಿಲ್ಲ. ಶೃಂಗೇರಿ ಮಠದ ಕಡತಗಳಲ್ಲಿ ಟಿಪ್ಪು ಸುಲ್ತಾನ ಸ್ವಾಮಿಗಳಿಗೆ ಬರೆದ ಕನ್ನಡ ಪತ್ರಗಳಿದ್ದವು. 1791ರಲ್ಲಿ ಮರಾಠಾ ಸೈನ್ಯದವರು ಶೃಂಗೇರಿಯನ್ನು ದೋಚಿದ ನಂತರದ ಪತ್ರವ್ಯವಹಾರವೂ ಅದರಲ್ಲಿದೆ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಅವನ್ನು ಹೊರಗೆ ತಂದದ್ದು 1916ರಲ್ಲಿ. ಕಾಗದ ಏನೇನು ಬಚ್ಚಿಟ್ಟುಕೊಂಡಿರುತ್ತದೆ ಅನ್ನುವುದಕ್ಕೆ ಹೇಳಿದೆ. ನಿಮ್ಮ ಗೆಳತಿಯರ ಮನೆಯ ಅಟ್ಟದ ಮೇಲೂ ಟ್ರಂಕಿನಲ್ಲಿ ಹಳೆಯ ಕಂದಾಯ ರಸೀದಿ, ಕ್ರಯಪತ್ರ, ತೋಟದ ಕೂಲಿಯವರ ಹಾಜರಿ ಬರೆದ ಚೆಕ್‌ರೋಲ್ ಪುಸ್ತಕ ಇರುತ್ತವೆ. ಗೆದ್ದಲು ತಿನ್ನುವ ಮೊದಲು ಫೋಟೋ ತೆಗೆಯಿರಿ. ಇಲ್ಲೊಂದು ಎಚ್ಚರಿಕೆ. ಅವರ ಮನೆಯ ಜಮೀನಿನ ವ್ಯಾಜ್ಯ ಕೋರ್ಟಿನಲ್ಲಿರಬಹುದು. ಒಪ್ಪಿಗೆಯಿಲ್ಲದೆ ಒಂದು ಹಾಳೆಯನ್ನೂ ಹೊರಗೆ ಹಂಚಬೇಡಿ.

ಇನ್ನೊಂದು ಕೆಲಸವಂತೂ ಕಾಯುವಂಥದ್ದಲ್ಲ. ಗೊರೂರಿನ ಹತ್ತಿರ ಹೇಮಾವತಿಗೆ ಅಣೆಕಟ್ಟು ಬಂದದ್ದು 1970ರ ದಶಕದಲ್ಲಿ. ಅದರ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗುವುದನ್ನು ನೋಡಲು ಜನ ಕಾರು ಮಾಡಿಕೊಂಡು ಬರುತ್ತಾರೆ, ಮದುವೆಗೆ ಮುಂಚಿನ ಫೋಟೋ ತೆಗೆಸ್ತಾರೆ. ಮನೆ, ಗದ್ದೆ ಮುಳುಗಿದವರು ಎಲ್ಲಿ ಹೋದರು? ಆಗ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತರ ಹತ್ತಿರ. ಅವರ ಬಾಯಲ್ಲಿರುವ ಹಳ್ಳಿಗಳ ಹೆಸರು, ಗದ್ದೆಯ ಹೆಸರು, ದೇವರನ್ನು ಹೊತ್ತು ಹೊಸ ಜಾಗಕ್ಕೆ ತಂದ ದಿನ ಯಾವ ಶಾಸನದಲ್ಲೂ ಇಲ್ಲ. ಒಂದು ಫೋನು, ಇಬ್ಬರು ವಿದ್ಯಾರ್ಥಿಗಳು, ಒಂದು ಮಧ್ಯಾಹ್ನ ಸಾಕು. ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳಿ, ಆಮೇಲೆ ಬರಹಕ್ಕಿಳಿಸಿ ಅವರಿಗೇ ಓದಿ ಹೇಳಿ. ಪರಿಹಾರದ ವಿಷಯ ಬಂದರೆ ಕಣ್ಣೀರೂ ಬರುತ್ತದೆ, ಜಗಳವೂ ಬರುತ್ತದೆ. ಅಲ್ಲಿಗೆ ನಿಲ್ಲಿಸಿ ಕಾಫಿ ಕುಡಿಯಿರಿ.

ಅಪಾಯಗಳ ಮಾತು. ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಬಹಳ ವರ್ಷದ ಹಿಂದೆ ಒಂದು ಹಳ್ಳಿಯಲ್ಲಿ ಶಾಸನ ಕಂಡು ಹುಡುಗರ ಕೈಲಿ ತಂತಿಬ್ರಷ್ಷಿನಿಂದ ಉಜ್ಜಿಸಿ, ಅಕ್ಷರದೊಳಗೆ ಸೀಮೆಸುಣ್ಣ ತುಂಬಿಸಿ ಓದಿದೆ. ಪತ್ರಿಕೆಯಲ್ಲಿ ‘ಅಪ್ರಕಟಿತ ಶಾಸನ ಪತ್ತೆ’ ಅಂತ ಬಂತು. ತಿಂಗಳಾದ ಮೇಲೆ ಹಿರಿಯರೊಬ್ಬರು ಕಾರ್ಡು ಬರೆದರು: ‘ರೈಸ್ ಸಂಪುಟ ನೋಡಿ, ನಿಮ್ಮ ಓದಿನಲ್ಲಿ ಅರಸನ ಹೆಸರೂ ತಪ್ಪಿದೆ.’ ಸೀಮೆಸುಣ್ಣ ತುಂಬಿದಾಗ ಸವೆದ ಗೀರನ್ನೂ ಅಕ್ಷರ ಅಂದುಕೊಂಡಿದ್ದೆ. ಅವಮಾನ ಮರೆತೆ, ಆದರೆ ತಂತಿಬ್ರಷ್ಷು ಕಲ್ಲಿನ ಮೇಲೆ ಮಾಡಿದ ಗೀರು ಈಗಲೂ ಅಲ್ಲೇ ಇದೆ. ಹಾಗಾಗಿ ಎಣ್ಣೆ, ಅರಿಶಿನ, ಸುಣ್ಣ, ತಂತಿ, ಆಸಿಡ್ ಯಾವುದೂ ಬೇಡ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲು ಬಿದ್ದಾಗ ಅಕ್ಷರ ತಾನಾಗಿ ಎದ್ದು ನಿಲ್ಲುತ್ತದೆ. ಕತ್ತಲಾದರೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಒದ್ದೆ ಕಾಗದ ಬಡಿದು ಮಸಿ ಒತ್ತಿ ಪಡಿಯಚ್ಚು ತೆಗೆಯುವುದು ಕಲಿತವರ ಕೆಲಸ, ಸಂರಕ್ಷಿತ ಸ್ಮಾರಕದಲ್ಲಿ ಅನುಮತಿ ಇಲ್ಲದೆ ಮಾಡುವಂತಿಲ್ಲ. ನಾಣ್ಯ, ತಾಳೆಗರಿ, ಮುರಿದ ಮೂರ್ತಿ ಸಿಕ್ಕಿತೆಂದು ಕಾಲೇಜಿಗೆ ಹೊತ್ತು ತರಬೇಡಿ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ಹಳೆಯ ಶಿಲ್ಪ, ನಾಣ್ಯ, 75 ವರ್ಷ ಹಳೆಯ ಮಹತ್ವದ ಹಸ್ತಪ್ರತಿ ಪುರಾವಸ್ತುವಾಗುತ್ತದೆ. ಒಳ್ಳೆಯ ಉದ್ದೇಶ ಇದ್ದರೂ ಠಾಣೆಯಲ್ಲಿ ವಿವರಣೆ ಕೊಡುತ್ತ ನಿಲ್ಲಬೇಕಾಗುತ್ತದೆ.

ಸಕಲೇಶಪುರ, ಆಲೂರು ಕಡೆ ಹೊರಟರೆ ಕಾಡಾನೆ ಎಲ್ಲಿದೆ ಅಂತ ಊರವರನ್ನು ಮೊದಲು ಕೇಳಿ, ಹೊತ್ತು ಮುಳುಗುವ ಮುಂಚೆ ಬಸ್ ಸ್ಟ್ಯಾಂಡಿನಲ್ಲಿರಿ. ಮಂಜರಾಬಾದಿನ ನಕ್ಷತ್ರಾಕಾರದ ಕೋಟೆಯನ್ನು ಮಳೆಗಾಲದಲ್ಲಿ ಹತ್ತಲು ಹೋದರೆ ಜಾರುವುದು ಖಂಡಿತ. ಇಂಬಳ ಕಚ್ಚಿದರೆ ಏನೂ ಆಗುವುದಿಲ್ಲ, ಕಿರುಚಾಡಬೇಡಿ. ಬಾಬಾಬುಡನ್‌ಗಿರಿಯಂತೆ ವಿವಾದ ಕೋರ್ಟು ಹತ್ತಿರುವ ಜಾಗಗಳನ್ನು ಮೊದಲ ವರ್ಷವೇ ಕೈಗೆತ್ತಿಕೊಳ್ಳಬೇಡಿ. ಹೆದರಿಕೆಗೆ ಹೇಳುತ್ತಿಲ್ಲ. ಆಧಾರ ಹೇಗೆ ತೂಗಬೇಕು ಅಂತ ಕೈ ಪಳಗದವರು ಅಲ್ಲಿ ಬೇರೆಯವರ ಕೈಗೊಂಬೆಯಾಗುತ್ತಾರೆ.

ನಿಮ್ಮ ಅಣ್ಣನಿಗೆ ಏನು ಹೇಳಲಿ? ಪುರಾತತ್ವ, ಪತ್ರಾಗಾರ, ವಸ್ತುಸಂಗ್ರಹಾಲಯದ ಹುದ್ದೆಗಳು ಕಡಿಮೆ, ಖಾಲಿ ಬಿದ್ದರೂ ವರ್ಷಗಟ್ಟಲೆ ಭರ್ತಿಯಾಗುವುದಿಲ್ಲ. ಮೇಷ್ಟ್ರಾಗಲು ಬಿ.ಎಡ್., ಪದವಿ ಕಾಲೇಜಿನಲ್ಲಿ ಉಪನ್ಯಾಸಕರಾಗಲು ಎಂ.ಎ. ಜೊತೆಗೆ ಕೆ-ಸೆಟ್ ಅಥವಾ ನೆಟ್ ಅರ್ಹತಾ ಪರೀಕ್ಷೆ, ಇಲ್ಲವೇ ಪಿಎಚ್.ಡಿ. ಬೇಕು. ಇದನ್ನು ಮುಚ್ಚಿಟ್ಟು ಇತಿಹಾಸ ಓದಿ ಅನ್ನುವುದು ಮೋಸ. ಆದರೆ ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಮೇಲೆ ಅಲ್ಲಿಗೆ ಬರುವವರು ಕೇಳುವ ಪ್ರಶ್ನೆಗಳೂ ಹೆಚ್ಚಾಗಿವೆ. ಬಾಯಿಪಾಠದ ಕಥೆ ಬಿಟ್ಟು ಶಾಸನ ಓದಿ ತೋರಿಸಬಲ್ಲ ಗೈಡುಗಳು ಎಷ್ಟು ಮಂದಿ ಇದ್ದಾರೆ ಅಂತ ಒಮ್ಮೆ ಹೋಗಿ ಎಣಿಸಿ ನೋಡಿ. ಬಿ.ಎ. ಜೊತೆಗೆ ಬೇರೆ ಪರೀಕ್ಷೆಗೂ ತಯಾರಿ ನಡೆಸಿ, ಅದರಲ್ಲಿ ನಾಚಿಕೆಯೇನಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅತ್ಯಂತ ಚೆನ್ನಾಗಿ ಶಾಸನ ಓದುವವನು ಈಗ ಗ್ರಾಮ ಆಡಳಿತಾಧಿಕಾರಿ. ಹಳೇ ಕಡತ ಅರ್ಥವಾಗದಿದ್ದರೆ ತಾಲ್ಲೂಕು ಕಚೇರಿಯವರು ಅವನನ್ನೇ ಕರೆಯುತ್ತಾರೆ.

ಈಗ ನಿಮ್ಮೂರ ಕಲ್ಲು. ವೀರಗಲ್ಲಿನ ಕೆಳಗೆ ನಿಧಿ ಅನ್ನುವ ನಂಬಿಕೆ ಎರಡೂ ಜಿಲ್ಲೆಯಲ್ಲಿದೆ. ಕಲ್ಲಿನ ಮೇಲಿನ ಸೂರ್ಯ, ಚಂದ್ರ, ಲಿಂಗ, ಹಾವನ್ನು ಯಾರೋ ಗುಪ್ತ ಗುರುತು ಅಂದುಕೊಳ್ಳುತ್ತಾರೆ. ಶಾಸನದಲ್ಲಿ ‘ಗದ್ಯಾಣ’ ಅಂತ ಓದಿದ ಅರೆಬರೆ ಪಂಡಿತ ಚಿನ್ನ ಇಲ್ಲೇ ಇದೆ ಅನ್ನುತ್ತಾನೆ. ಸೂರ್ಯಚಂದ್ರರ ಅರ್ಥ ಅವರಿರುವ ತನಕ ಈ ಕೀರ್ತಿ, ಈ ದತ್ತಿ ಇರಲಿ ಅಂತ. ಗದ್ಯಾಣ ಕೊಟ್ಟು ಮುಗಿದ ಲೆಕ್ಕ, ಹೂತಿಟ್ಟದ್ದಲ್ಲ. ವೀರಗಲ್ಲು ಸತ್ತವನ ನೆನಪಿನ ಕಲ್ಲು. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಹೋರಾಟ, ಮಧ್ಯದಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುವುದು, ಮೇಲೆ ಕೈಲಾಸ. ಶಾಸನಗಳಲ್ಲಿ ‘ತುಱುಗೊಳ್’ ಅಂತ ಬಂದರೆ ದನ ಬಿಡಿಸಲು ಹೋಗಿ ಸತ್ತ, ‘ಪೆಣ್ಬುಯ್ಯಲ್’ ಅಂತ ಬಂದರೆ ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತ ಅಂತ ಅರ್ಥ. ಇದನ್ನು ಊರಿನ ಕಟ್ಟೆಯ ಮೇಲೆ ಕೂತು ಹೇಳಿ. ‘ನಿಧಿ ಇಲ್ಲ’ ಅಂದರೆ ಯಾರೂ ನಂಬುವುದಿಲ್ಲ. ‘ಇವನು ನಮ್ಮೂರ ದನ ಉಳಿಸಲು ಹೋಗಿ ಸತ್ತ’ ಅಂದರೆ ಮುಂದಿನ ಸಲ ಗುದ್ದಲಿ ತಂದವನನ್ನು ಊರೇ ಕೇಳುತ್ತದೆ. ಮತ್ತೆ ಯಾರಾದರೂ ಅಗೆಯುವುದು ಕಂಡರೆ ನೀವು ಎದುರು ನಿಲ್ಲಬೇಡಿ. 112ಕ್ಕೆ ಫೋನು ಮಾಡಿ, ತಹಶೀಲ್ದಾರರಿಗೆ ಪಂಚಾಯಿತಿಯಿಂದ ಪತ್ರ ಹೋಗಲಿ. ಕಲ್ಲಿನ ಫೋಟೋವನ್ನು ಜಾಗದ ಹೆಸರಿನ ಸಮೇತ ಇನ್‌ಸ್ಟಾಗ್ರಾಮಿಗೆ ಹಾಕಬೇಡಿ, ನಿಧಿಗಳ್ಳರೂ ಫೋನು ಇಟ್ಟುಕೊಂಡಿದ್ದಾರೆ.

ಮೊದಲು 5ನೇ ಸಂಪುಟದಲ್ಲಿ ಬೇಲೂರು ತಾಲ್ಲೂಕು ತೆಗೆದು ನಿಮ್ಮೂರ ಹೆಸರಿದೆಯೇ ನೋಡಿ, ಆಮೇಲೆ ಪರಿಷ್ಕೃತ ಸಂಪುಟ, ಆಮೇಲೆ ಮೈಸೂರು ಪುರಾತತ್ವ ಇಲಾಖೆಯ ಹಳೆಯ ವಾರ್ಷಿಕ ವರದಿಗಳು. ಎಲ್ಲೂ ಇಲ್ಲದಿದ್ದರೆ ಪತ್ರಿಕೆಗೆ ಹೋಗುವ ಮುಂಚೆ ಅಳತೆ, ಫೋಟೋ ಸಮೇತ ಮೈಸೂರಿನ ಶಾಸನ ವಿಭಾಗಕ್ಕೂ ರಾಜ್ಯ ಪುರಾತತ್ವ ಇಲಾಖೆಗೂ ಬರೆಯಿರಿ. ಕಲ್ಲನ್ನು ಎತ್ತಿ ಬೇರೆ ಕಡೆ ನಿಲ್ಲಿಸುವುದು, ಸಿಮೆಂಟ್ ಕಟ್ಟೆ ಕಟ್ಟುವುದು, ಬಣ್ಣ ಬಳಿಯುವುದು ಬೇಡ ಅಂತ ಊರವರಿಗೆ ಈಗಲೇ ಹೇಳಿಡಿ. ಏರಿಯ ಹುಲ್ಲು ಒಣಗುವ ಜನವರಿಯಲ್ಲಿ, ಸಂಜೆ ನಾಲ್ಕೂವರೆ ಹೊತ್ತಿಗೆ ಹೋಗಿ. ಊರಿನ ಅಜ್ಜನನ್ನೋ ಅಜ್ಜಿಯನ್ನೋ ಜೊತೆಗೆ ಕರೆದುಕೊಳ್ಳಿ. ಆ ಕಲ್ಲನ್ನು ಅವರು ಚಿಕ್ಕಂದಿನಿಂದ ಏನಂತ ಕರೆಯುತ್ತಿದ್ದರು ಅಂತ ಕೇಳಿ, ರಟ್ಟಿನ ಪುಸ್ತಕದಲ್ಲಿ ಸಾಲುಗಳ ಲೆಕ್ಕದ ಪಕ್ಕದಲ್ಲೇ ಅದನ್ನೂ ಬರೆದುಕೊಳ್ಳಿ.